ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್: ಮೇಲೆ ನಾಲ್ಕು ಸ್ಟಾರ್, ಇಳಿಯುವಲ್ಲಿ ಒಂದೂವರೆ

ನಾನು ದೋಸೆ ಹಿಟ್ಟು ಮಾರುವವಳು. ಜಯನಗರ 9ನೇ ಬ್ಲಾಕಿನಲ್ಲಿ ರುಬ್ಬಿ, ಪ್ಯಾಕೆಟ್ ಮಾಡಿ, ಹಳೇ ಓಮ್ನಿಗೆ ತುಂಬಿಕೊಂಡು ಎಲೆಕ್ಟ್ರಾನಿಕ್ ಸಿಟಿಯ ಅಂಗಡಿಗಳಿಗೂ ಪೀಜಿಗಳಿಗೂ ಹಾಕುತ್ತೇನೆ. ಗಾಡಿ ನಾನೇ ಓಡಿಸುತ್ತೇನೆ. ಹೋಟೆಲಿಗೆ, ಮಿಕ್ಸಿಗೆ, ಸೀರೆ ಅಂಗಡಿಗೆ ಎಲ್ಲರೂ ರಿವ್ಯೂ ಬರೆಯುತ್ತಾರೆ. ದುಡ್ಡು ಕೊಟ್ಟು ಬಳಸುವ ರಸ್ತೆಗೆ ಮಾತ್ರ ಯಾರೂ ಬರೆಯಲ್ಲ. ಟೋಲ್ ಕಟ್ಟುತ್ತೇವೆ ಅಂದಮೇಲೆ ನಾವೂ ಗಿರಾಕಿಗಳೇ ಅಲ್ವಾ?

ಈಗಲೇ ಬರೆಯಲು ಕಾರಣ ಇದೆ. ಊರಲ್ಲಿ ಎಲ್ಲಿ ನಿಂತರೂ ಹೊಸ ರಸ್ತೆಯದೇ ಮಾತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ, ಅಲ್ಲೊಂದು ಮೇಲುರಸ್ತೆ, ಇಲ್ಲೊಂದು ಡಬಲ್ ಡೆಕ್ಕರ್. ಇರುವ ಫ್ಲೈಓವರನ್ನು ಇನ್ನೂ ಮುಂದಕ್ಕೆ ಎಳೆದುಬಿಡಿ, ಟ್ರಾಫಿಕ್ ತಾನಾಗಿ ಕರಗುತ್ತದೆ ಅನ್ನುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಹೊಸದನ್ನು ಕೇಳುವ ಮುಂಚೆ ಈಗಾಗಲೇ ಇರುವುದು ಹೇಗೆ ನಡೆಯುತ್ತಿದೆ ಅಂತ ನೋಡೋಣ ಅಂತ ನನ್ನ ಲೆಕ್ಕ.

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮೇಲೆ ಇರುವಷ್ಟು ಹೊತ್ತು ನಾಲ್ಕು ಸ್ಟಾರ್. ಹತ್ತುವ ಜಾಗಕ್ಕೆ ಎರಡು. ಇಳಿಯುವ ಜಾಗಕ್ಕೆ ಒಂದೂವರೆ, ಅದೂ ಬೆಳಗ್ಗೆ ಕೂತು ಬರೆಯುತ್ತಿರುವುದರಿಂದ. ಸಂಜೆ ಕೇಳಿದ್ದರೆ ಅರ್ಧ ಕೊಡುತ್ತಿದ್ದೆ.

ನನ್ನ ಮಾಲಿಗೂ ಟ್ರಾಫಿಕ್ಕಿಗೂ ನೇರ ಸಂಬಂಧ ಇದೆ, ಅದನ್ನು ಹೇಳದೆ ಮುಂದೆ ಹೋದರೆ ಈ ರಿವ್ಯೂ ಅರ್ಥವಾಗಲ್ಲ. ರಾತ್ರಿ ರುಬ್ಬಿದ ಹಿಟ್ಟನ್ನು ಸ್ವಲ್ಪ ಹೊತ್ತು ಹೊರಗೆ ಬಿಟ್ಟು, ಅದು ಏಳಲು ಶುರು ಮಾಡಿತು ಅನ್ನುವಾಗ ಫ್ರಿಜ್ಜಿಗೆ ಹಾಕುತ್ತೇನೆ. ತಣ್ಣಗಾದರೆ ಹುಳಿ ಬರುವುದು ನಿಧಾನವಾಗುತ್ತದೆ. ಬೆಳಗ್ಗೆ ಕೆಜಿ ಪ್ಯಾಕೆಟ್ಟಿಗೆ ತುಂಬಿ, ಮೂಲೆಯಲ್ಲಿ ಸೂಜಿಯಷ್ಟು ಸಣ್ಣ ತೂತು ಬಿಟ್ಟು ಸೀಲ್ ಮಾಡುತ್ತೇವೆ. ಆಮೇಲೆ ಥರ್ಮೋಕೋಲ್ ಡಬ್ಬಿ, ಒಳಗೆ ಐಸ್ ಪ್ಯಾಕ್. ಒಂದು ಗಂಟೆಯೊಳಗೆ ಅಂಗಡಿಯ ಫ್ರಿಜ್ ಸೇರಿದರೆ ಏನೂ ತೊಂದರೆ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಓಮ್ನಿ ಜಾಮಿನಲ್ಲಿ ನಿಂತುಬಿಟ್ಟರೆ ಹಿಟ್ಟು ಮತ್ತೆ ಎದ್ದು ಕೂರುತ್ತದೆ. ಮೊದಲು ಪ್ಯಾಕೆಟ್ ಬಿಗಿಯಾಗುತ್ತದೆ. ಆಮೇಲೆ ಆ ಸೂಜಿ ತೂತಿನಲ್ಲಿ ಬಿಳೀ ನೊರೆ ಒಂದೊಂದೇ ಹನಿ ಹೊರಗೆ ಬರುತ್ತದೆ. ಆಮೇಲೆ ಗಾಡಿ ತುಂಬ ಹುಳಿ ವಾಸನೆ. ನೀಲಾದ್ರಿ ರೋಡಿನ ಅಂಗಡಿಯ ಅಣ್ಣ ದಿನಾಂಕ ನೋಡುವುದೇ ಇಲ್ಲ, ಪ್ಯಾಕೆಟ್ ಮೇಲೆ ಹೆಬ್ಬೆಟ್ಟು ಒತ್ತಿ ನೋಡುತ್ತಾರೆ. ಬಿಗಿ ಇದ್ದರೆ ಮುಖ ಸಣ್ಣ ಮಾಡಿಕೊಂಡು, “ಅಕ್ಕ, ಇದು ನಾಳೆವರೆಗೆ ಬರಲ್ಲ, ರೇಟು ನೋಡಿ ಹಾಕಿ” ಅನ್ನುತ್ತಾರೆ. ಅವರ ತಪ್ಪಲ್ಲ. ಸಿಲ್ಕ್ ಬೋರ್ಡಿನಲ್ಲಿ ನಿಂತ ಅರ್ಧ ಗಂಟೆಯ ದುಡ್ಡು ನನ್ನ ಲಾಭದಿಂದ ಹೋಗುತ್ತದೆ, ಅಷ್ಟೇ.

ಹೀಗಾಗಿ ಈ ದಾರಿಯ ಒಂದೊಂದು ತುಂಡೂ ನನಗೆ ಬೇರೆ ಬೇರೆಯಾಗಿ ಗೊತ್ತು.

ಮೊದಲ ತುಂಡು ರಾಗಿಗುಡ್ಡದ ಡಬಲ್ ಡೆಕ್ಕರ್. ಕೆಳಗೆ ಹಳೇ ರಸ್ತೆ, ಮಧ್ಯೆ ಫ್ಲೈಓವರ್, ಮೇಲೆ ಮೆಟ್ರೊ. ಉದ್ದ 3.36 ಕಿಲೋಮೀಟರ್. 2024ರ ಜುಲೈ 17ರಂದು ಒಂದು ಬದಿಯನ್ನು, ಅಂದರೆ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಹೋಗುವುದನ್ನು, ತೆರೆದರು. ಟೋಲ್ ಇಲ್ಲ, ಸಿಗ್ನಲ್ ಇಲ್ಲ. ಜಯದೇವ ಆಸ್ಪತ್ರೆಯ ಮುಂದಿನ ಗೋಳು ತಪ್ಪುತ್ತದೆ, ಬಿಟಿಎಂನ ಗೋಳೂ ತಪ್ಪುತ್ತದೆ. ಇದರ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಒಂದು ಮಾತು ಮಾತ್ರ. ಜಯದೇವ ಜಂಕ್ಷನ್ನಿನಲ್ಲಿ ಮೊದಲೂ ಒಂದು ಫ್ಲೈಓವರ್ ಇತ್ತು, ನೆನಪಿದೆಯಾ? 2006ರ ಹೊತ್ತಿಗೆ ಕಟ್ಟಿದ್ದು. 2020ರ ಜನವರಿಯಲ್ಲಿ ಮೆಟ್ರೊಗೆ ಜಾಗ ಬೇಕು ಅಂತ ಒಡೆಯಲು ಶುರು ಮಾಡಿದರು. ನಮ್ಮ ಮನೆಯ ರುಬ್ಬುವ ಕಲ್ಲು ಅದಕ್ಕಿಂತ ಹಳೆಯದು, ಇನ್ನೂ ಚೆನ್ನಾಗಿದೆ.

ಎರಡನೇ ತುಂಡು ಸಿಲ್ಕ್ ಬೋರ್ಡಿನಿಂದ ರೂಪೇನ ಅಗ್ರಹಾರದ ತನಕ. ಇದು ನೆಲದ ಮೇಲಿನ ರಸ್ತೆ, ಉದ್ದವೂ ಜಾಸ್ತಿ ಇಲ್ಲ. ಆದರೆ ಒಂದು ಫ್ಲೈಓವರ್ ಮುಗಿದು ಇನ್ನೊಂದು ಶುರುವಾಗುವ ತನಕ ಎಲ್ಲರೂ ಇಲ್ಲಿಗೇ ಬಂದು ಬೀಳಬೇಕು. ರಾಗಿಗುಡ್ಡದಿಂದ ಇಳಿದವರು, ಮಡಿವಾಳದಿಂದ ಬಂದವರು, ಹೊರವರ್ತುಲ ರಸ್ತೆಯಿಂದ ತಿರುಗಿದವರು, ಹೊಸೂರಿಗೆ ಹೋಗುವ ತಮಿಳುನಾಡು ಬಸ್ಸುಗಳು, ಎಡಕ್ಕೆ ನಿಂತು ಜನ ಹತ್ತಿಸಿಕೊಳ್ಳುವ ಟೆಂಪೊ ಟ್ರಾವೆಲರ್‌ಗಳು, ನಮ್ಮ 356 ನಂಬರಿನ ಬಸ್ಸುಗಳು. ಮೇಲೆ ಹೋಗುವವರಿಗೆ ಒಂದು ಕಡೆ ಬೇಕು, ಕೆಳಗೇ ಹೋಗುವವರಿಗೆ ಇನ್ನೊಂದು ಕಡೆ ಬೇಕು. ಕೊನೇ ಗಳಿಗೆಯಲ್ಲಿ ಮನಸ್ಸು ಬದಲಿಸುವ ಮಹಾನುಭಾವರು ದಿನಾ ಇರುತ್ತಾರೆ. ಒಬ್ಬ ಕಾರಿನವನು ಅಡ್ಡ ತಿರುಗಿ ನಿಂತ ಅಂದರೆ ಅವನ ಹಿಂದೆ ಇಡೀ ಎರಡು ಸಾಲು ನಿಲ್ಲುತ್ತದೆ. ಹಾರ್ನ್ ಹೊಡೆದು ಏನೂ ಪ್ರಯೋಜನವಿಲ್ಲ, ಆದರೂ ಹೊಡೆಯುತ್ತೇವೆ.

ಈಗ ಮುಖ್ಯ ಮಾಲಿಗೆ ಬರೋಣ.

ಹೊಸೂರು ರಸ್ತೆಯ ಮೇಲಿನ ಈ ಉದ್ದದ ಫ್ಲೈಓವರನ್ನು 2010ರ ಜನವರಿಯಲ್ಲಿ ತೆರೆದರು. ಬೊಮ್ಮನಹಳ್ಳಿ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿ ತನಕ ಹತ್ತಿರ ಹತ್ತಿರ 10 ಕಿಲೋಮೀಟರ್. ಹೋಗಲು ಎರಡು ಲೇನ್, ಬರಲು ಎರಡು ಲೇನ್. ಆಗ ದೇಶದಲ್ಲೇ ಇಂಥದ್ದು ಅಪರೂಪ. ಹೈದರಾಬಾದಿನ ಪಿ.ವಿ. ನರಸಿಂಹ ರಾವ್ ಮೇಲ್ಸೇತುವೆ ಮಾತ್ರ ಇದಕ್ಕಿಂತ ಸ್ವಲ್ಪ ಉದ್ದ, ಅದೂ ಕೆಲವೇ ತಿಂಗಳ ಮುಂಚೆ, 2009ರಲ್ಲಿ ತೆರೆದದ್ದು. ನಾವೆಲ್ಲ ಸುಮ್ನೆ ನೋಡಿಕೊಂಡು ಬರೋಣ ಅಂತ ಮನೆಮಂದಿ ಸಮೇತ ಹೋಗಿದ್ದೆವು. ನಮ್ಮ ಅತ್ತೆ ಕಿಟಕಿಯಿಂದ ಕೆಳಗೆ ನೋಡಿ, “ಇದೇನು, ಮನೆಗಳ ಟೆರೇಸಿನಲ್ಲಿ ಹಪ್ಪಳ ಒಣಹಾಕಿದ್ದೆಲ್ಲ ಕಾಣುತ್ತಲ್ಲ” ಅಂದಿದ್ದರು.

ಮೇಲೆ ಹತ್ತಿದ ಮೇಲೆ ನಿಜವಾಗಿ ಸುಖ. ಸಿಗ್ನಲ್ ಇಲ್ಲ, ಅಡ್ಡ ರಸ್ತೆ ಇಲ್ಲ, ದನ ಇಲ್ಲ, ರಾಂಗ್ ಸೈಡಿನಲ್ಲಿ ಬರುವ ಸ್ಕೂಟರ್ ಇಲ್ಲ. ಗಂಟೆಗೆ 60ರಲ್ಲಿ ಹೋದರೂ ಹತ್ತು ನಿಮಿಷದ ದಾರಿ. ಕೆಳಗೆ ಗಾರ್ವೆಬಾವಿಪಾಳ್ಯ, ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರೋಡ್ ಅಂತ ಒಂದೊಂದೇ ಜಂಕ್ಷನ್ನಿನಲ್ಲಿ ಜನ ಒದ್ದಾಡುತ್ತಿರುತ್ತಾರೆ. ನಾನು ಮೇಲೆ ಎಡಗಡೆ ಲೇನ್ ಹಿಡಿದು, ರೇಡಿಯೊ ಹಾಕಿಕೊಂಡು ಹೋಗುತ್ತೇನೆ. ಸೇತುವೆಯ ಜೋಡಣೆ ಇರುವ ಕಡೆಯೆಲ್ಲ ಚಕ್ರ ಟಕ್ ಟಕ್ ಅನ್ನುತ್ತದೆ. ಕಾರಿನವರಿಗೆ ಗೊತ್ತೇ ಆಗಲ್ಲ, ನನಗೆ ಗೊತ್ತಾಗುತ್ತದೆ. ಯಾಕೆಂದರೆ ಎದ್ದ ಹಿಟ್ಟನ್ನು ಕುಲುಕಿದರೆ ಅದರೊಳಗಿನ ಗಾಳಿ ಹೋಗಿಬಿಡುತ್ತದೆ, ದೋಸೆ ಬರುತ್ತದೆ ಆದರೆ ಇಡ್ಲಿ ಗಟ್ಟಿಯಾಗುತ್ತದೆ. ಅದಕ್ಕೇ ಪೀಜಿಯವರ ಇಡ್ಲಿ ಹಿಟ್ಟಿನ ಡ್ರಮ್ಮನ್ನು ಹಿಂದಿನ ಚಕ್ರದ ಮೇಲೆ ಇಡದೆ ನನ್ನ ಸೀಟಿನ ಹಿಂದೆ ಇಡುತ್ತೇನೆ. ಓಮ್ನಿ ಇರುವವರು ಇದನ್ನು ಗಮನಿಸಿ.

ಕಡಿಮೆ ಆಗಿದ್ದು ಒಂದು ಸ್ಟಾರ್. ಅದು ಬೈಕಿನವರ ಪರವಾಗಿ. ಅವರಿಗೂ ಇಲ್ಲಿ ಟೋಲ್ ಇದೆ. ಆದರೆ ಮಳೆ ಬಂದರೆ ನಿಲ್ಲಲು ಒಂದು ಸೂರಿಲ್ಲ, ಅಷ್ಟು ಎತ್ತರದಲ್ಲಿ ಗಾಳಿಯೂ ಜೋರು. ನನ್ನ ಓಮ್ನಿಯನ್ನೇ ಪಕ್ಕಕ್ಕೆ ತಳ್ಳುವ ಗಾಳಿ ಸ್ಕೂಟಿಯನ್ನು ಬಿಡುತ್ತದೆಯೇ? ಮಧ್ಯೆ ಗಾಡಿ ಕೆಟ್ಟರೆ ಇಳಿಯಲು ದಾರಿ ಇಲ್ಲ, ತಿರುಗಲು ದಾರಿ ಇಲ್ಲ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ಅಂತ ಹತ್ತುವ ಮುಂಚೆಯೇ ನೋಡಿಕೊಳ್ಳಬೇಕು.

ಟೋಲಿನ ಬಗ್ಗೆ ಜಾಸ್ತಿ ಹೇಳಲ್ಲ. 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಚಿಲ್ಲರೆ ಜಗಳ ತಪ್ಪಿತು. ನನಗೆ ಟ್ಯಾಗ್ ಕೊಟ್ಟ ಬ್ಯಾಂಕು ಒಂದು ಸಲ ಒಂದೇ ಟ್ರಿಪ್ಪಿಗೆ ಎರಡು ಸಲ ದುಡ್ಡು ಕತ್ತರಿಸಿತ್ತು. ಫೋನ್ ಮಾಡಿ ಮಾಡಿ ಸಾಕಾಗಿ, ಕೊನೆಗೆ ವಾಪಸ್ ಬಂತು. ಟೋಲ್ ಬೂತಿನ ಹುಡುಗರ ಮೇಲೆ ಕೂಗಾಡಿ ಉಪಯೋಗವಿಲ್ಲ, ಅವರ ಕೈಯಲ್ಲಿ ಏನೂ ಇಲ್ಲ. ದುಡ್ಡು ಕೊಡುವುದಕ್ಕೆ ನನಗೆ ಬೇಜಾರಿಲ್ಲ, ಉಳಿಯುವ ಹೊತ್ತಿಗೆ ಅದು ಸರಿಹೋಗುತ್ತದೆ. ಆದರೆ ಆ ಉಳಿಸಿದ ಹೊತ್ತನ್ನು ಇಳಿಯುವ ಜಾಗದಲ್ಲಿ ಪೂರ್ತಿ ವಾಪಸ್ ಕಿತ್ತುಕೊಂಡರೆ?

ಬೆಳಗ್ಗೆ ಎಲೆಕ್ಟ್ರಾನಿಕ್ ಸಿಟಿ ಕಡೆ ಇಳಿಯುವಾಗ ಕಂಪನಿ ಬಸ್ಸು, ಕ್ಯಾಬು, ಬೈಕು ಎಲ್ಲ ಟೋಲಿಗೆ ಬಂದು ಅಗಲವಾಗಿ ಹರಡಿಕೊಳ್ಳುತ್ತವೆ. ಬೂತು ದಾಟಿದ ಮೇಲೆ ಅಷ್ಟೂ ಸಾಲು ಮತ್ತೆ ಒಳರಸ್ತೆಗೆ ನುಗ್ಗಬೇಕು. ಅಲ್ಲಿ ಕಂಪನಿ ಗೇಟಿಗೆ ತಿರುಗುವವರು, ಯೂಟರ್ನ್ ಹೊಡೆಯುವವರು, ರಸ್ತೆ ಪಕ್ಕ ತಟ್ಟೆ ಇಡ್ಲಿ ತಿನ್ನಲು ನಿಂತವರು. ಆ ತಟ್ಟೆ ಇಡ್ಲಿಯಲ್ಲಿ ಕೆಲವು ನನ್ನ ಹಿಟ್ಟಿನವೇ, ಆದ್ದರಿಂದ ಅವರನ್ನು ಬೈಯಲು ನನಗೆ ಬಾಯಿಲ್ಲ.

ಸಂಜೆಯದು ಇನ್ನೂ ಕಷ್ಟ. ಖಾಲಿ ಡ್ರಮ್ಮು, ರಿಟರ್ನ್ ಪ್ಯಾಕೆಟ್ ಹಾಕಿಕೊಂಡು ಊರ ಕಡೆ ಬರುವಾಗ ಒಂಬತ್ತು ಕಿಲೋಮೀಟರ್ ಆರಾಮ. ಬೊಮ್ಮನಹಳ್ಳಿ ಹತ್ತಿರ ಬಂದಂತೆ ಮುಂದಿನ ಗಾಡಿಗಳ ಕೆಂಪು ಲೈಟು ಒಂದೊಂದಾಗಿ ಹತ್ತುತ್ತವೆ. ನಾವು ಇನ್ನೂ ಮೇಲೇ ಇರುತ್ತೇವೆ, ಕೆಳಗಿನ ರಸ್ತೆಯಲ್ಲಿ ಜಾಗವಿಲ್ಲ, ಹಾಗಾಗಿ ಸಾಲು ಸೇತುವೆಯ ಮೇಲೆ ಹಿಂದಕ್ಕೆ ಬೆಳೆಯುತ್ತದೆ. ಎಡಕ್ಕೆ ಅಡ್ಡಗೋಡೆ, ಬಲಕ್ಕೆ ಅಡ್ಡಗೋಡೆ. ಕೆಳಗಡೆ ಆಗಿದ್ದರೆ ಒಂದು ಗಲ್ಲಿ ಹಿಡಿದು ಹೊಂಗಸಂದ್ರದ ಒಳಗಿನಿಂದ ಬೇಗೂರು ರಸ್ತೆಗೆ ಬಂದುಬಿಡುತ್ತಿದ್ದೆ. ಮೇಲೆ ದುಡ್ಡು ಕೊಟ್ಟು ಕೂತವಳಿಗೆ ಆ ದಾರಿಯೂ ಇಲ್ಲ. ಪಕ್ಕದಲ್ಲೇ ಹಳದಿ ಮೆಟ್ರೊ ಸರ್ರನೆ ಹೋಗುತ್ತದೆ, ಒಳಗಿನ ಜನ ನಮ್ಮನ್ನು ನೋಡುತ್ತಾರೆ. ನೋಡಲಿ.

ಸೇತುವೆ ಕೆಳಗಿನವರ ಮಾತನ್ನೂ ಸೇರಿಸಬೇಕು. ಸಿಂಗಸಂದ್ರದ ಹತ್ತಿರ ನನ್ನ ಒಬ್ಬ ಹಳೇ ಗಿರಾಕಿ ಇದ್ದಾರೆ, ರಸ್ತೆಗೆ ಮುಖ ಮಾಡಿದ ಸಣ್ಣ ದರ್ಶಿನಿ. ಮೊದಲು ಹೊಸೂರಿಗೆ, ಕೃಷ್ಣಗಿರಿಗೆ ಹೋಗುವ ಕಾರಿನವರೆಲ್ಲ ಅಲ್ಲಿ ನಿಲ್ಲಿಸಿ ಕಾಫಿ ಕುಡಿಯುತ್ತಿದ್ದರಂತೆ. “ಮೇಲೆ ಹೋಗೋರಿಗೆ ನನ್ನ ಬೋರ್ಡ್ ಕಾಣಲ್ಲ ಅಕ್ಕ, ಕೆಳಗೆ ಹೋಗೋರಿಗೆ ಗಾಡಿ ನಿಲ್ಲಿಸೋಕೆ ಜಾಗ ಇಲ್ಲ” ಅಂತ ಯಾವಾಗಲೂ ಹೇಳುತ್ತಾರೆ. ಅವರ ಬದಲು ಮೇಲೊಂದು ಹೋಟೆಲ್ ಏನೂ ಬರಲಿಲ್ಲ ನೋಡಿ, ಆ ಕಾಫಿಯ ವ್ಯಾಪಾರ ಸುಮ್ನೆ ಹೊರಟುಹೋಯಿತು. ಈಗ ಅವರನ್ನು ನಡೆಸುತ್ತಿರುವುದು ಹಿಂದಿನ ಬಡಾವಣೆಯವರು ಮತ್ತು ಮೆಟ್ರೊ ಇಳಿದು ಬರುವವರು.

ಇಲ್ಲಿ ಒಂದು ವಿಷಯ ನೇರವಾಗಿ ಹೇಳಬೇಕು. ಫ್ಲೈಓವರ್ ಬಂದ ಹೊಸದರಲ್ಲಿ ಇಳಿಯುವ ಕಡೆ ಇಷ್ಟು ಜಾಮ್ ಇರಲಿಲ್ಲ. ಹಾಗಾದರೆ ಏನಾಯಿತು? ಎಲೆಕ್ಟ್ರಾನಿಕ್ ಸಿಟಿ ಹೊಸ ಊರೇನಲ್ಲ, 1970ರ ದಶಕದ ಕೊನೆಯಲ್ಲೇ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ಜಮೀನಿನಲ್ಲಿ ಶುರು ಮಾಡಿದ್ದು. ಆದರೆ ಫ್ಲೈಓವರ್ ಆದಮೇಲೆ ಆ ಕಡೆ ಮನೆ ಕೊಳ್ಳುವ ಧೈರ್ಯ ಎಲ್ಲರಿಗೂ ಬಂತು. ಸಿಲ್ಕ್ ಬೋರ್ಡಿಗೆ ಹತ್ತೇ ನಿಮಿಷ ಅಂತ ಹೇಳಿ ಫ್ಲಾಟ್ ಮಾರಿದರು. ಚಂದಾಪುರ, ಹುಸ್ಕೂರು, ಬೊಮ್ಮಸಂದ್ರದ ಕಡೆ ಅಪಾರ್ಟ್‌ಮೆಂಟುಗಳು ಎದ್ದವು. ಮನೆಗೊಂದು ಕಾರು, ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಎರಡು. ಅವರೆಲ್ಲ ಆ ಹತ್ತು ನಿಮಿಷವನ್ನೇ ನಂಬಿ ಬಂದವರು, ಎಲ್ಲರೂ ಒಟ್ಟಿಗೆ ಬಳಸಿದ್ದರಿಂದ ಅದು ಯಾರಿಗೂ ಉಳಿಯಲಿಲ್ಲ. ನನಗೂ ಇದರಲ್ಲಿ ಪಾಲಿದೆ. ಆ ಅಪಾರ್ಟ್‌ಮೆಂಟುಗಳು ಬರದೆ ಇದ್ದರೆ ನನ್ನ ಹಿಟ್ಟು ಅಷ್ಟು ದೂರ ಹೋಗುತ್ತಿರಲಿಲ್ಲ, ನಾನೂ ಈ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ.

ಮೊನ್ನೆ ನಮ್ಮ ಬಡಾವಣೆ ಸಂಘದ ಸಭೆಯಲ್ಲಿ ಇದೇ ಚರ್ಚೆ ಬಂತು. ಗಣೇಶನ ಪೆಂಡಾಲಿನ ಲೆಕ್ಕ ಒಪ್ಪಿಸುವುದಕ್ಕೆ ಸೇರಿದ್ದು, ಲೆಕ್ಕ ಬೇಗ ಮುಗಿಯಿತು, ಸುರಂಗದ ಮಾತು ಮುಗಿಯಲಿಲ್ಲ. ಮೂಲೆ ಮನೆಯ ಹುಡುಗ ಹೆಬ್ಬಾಳದ ಆಚೆ ಕೆಲಸಕ್ಕೆ ಹೋಗುತ್ತಾನೆ. “ಆಂಟಿ, ನನಗೆ ದಿನಾ ಮೂರು ಗಂಟೆ ಗಾಡಿಯಲ್ಲೇ ಹೋಗುತ್ತೆ. ಟೋಲ್ ಎಷ್ಟಾದರೂ ಆಗಲಿ, ನಾನು ಕೊಡ್ತೀನಿ, ಬೇಗ ಮಾಡಲಿ” ಅಂದ. ಅವನ ಕಷ್ಟ ಸುಳ್ಳಲ್ಲ. ಲಾಲ್‌ಬಾಗಿಗೆ ವಾಕಿಂಗ್ ಹೋಗುವ ಗುಂಪಿನವರು ಎದ್ದು ನಿಂತರು. ಸುರಂಗಕ್ಕಾಗಿ ಲಾಲ್‌ಬಾಗಿನ ಜಾಗ ಕೇಳಿದ್ದಾರೆ ಅಂತ 2025ರ ಕೊನೆಯಲ್ಲಿ ಎಷ್ಟು ಗಲಾಟೆಯಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ. ಅಲ್ಲಿನ ಬಂಡೆಯ ವಯಸ್ಸೇ 300 ಕೋಟಿ ವರ್ಷ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಷ್ಟು ಗದ್ದಲ ಆದಾಗ, ನಮ್ಮ ಬೀದಿಯ ನಿವೃತ್ತ ಎಂಜಿನಿಯರ್ ರಾಯರು ಪೆಂಡಾಲ್ ಲೆಕ್ಕದ ಹಾಳೆಯನ್ನೇ ತಿರುಗಿಸಿ ಪೆನ್ನು ತೆಗೆದರು.

ನಾನು ಕೇಳಿದ್ದು ಒಂದೇ. “ರಾಯರೇ, ಇಷ್ಟು ದೂರ ಒಳಗೆ ಬಂದವರು ಇಳಿಯೋದು ಎಲ್ಲಿ? ಅಂದ್ರೆ ಹತ್ತೋದು ಎಲ್ಲಿ?”

“ಅದೇ ಪ್ರಶ್ನೆ ಅಮ್ಮ” ಅಂತ ಅವರು ಎರಡು ಗೆರೆ ಎಳೆದರು. ಸಿಗ್ನಲ್ ಇಲ್ಲದ ಒಂದು ಲೇನಿನಲ್ಲಿ ಗಂಟೆಗೆ ಹೆಚ್ಚುಕಡಿಮೆ 1800ರಿಂದ 2000 ಕಾರು ಹೋಗಬಹುದಂತೆ. ಅದೇ ಲೇನಿಗೆ ತುದಿಯಲ್ಲಿ ಸಿಗ್ನಲ್ ಹಾಕಿ ಅರ್ಧ ಹೊತ್ತು ಕೆಂಪು ಮಾಡಿದರೆ ಆ ಲೆಕ್ಕ ಅರ್ಧಕ್ಕೆ ಬೀಳುತ್ತದೆ. ಮೇಲಿನ ರಸ್ತೆಯವರು ಬಂದು ಕೆಳಗಿನ ರಸ್ತೆಯವರ ಜೊತೆ ಸೇರಿ ಅದೇ ಎರಡು ಲೇನಿನಲ್ಲಿ ಹೋಗಬೇಕು ಅಂದರೆ, ಮೇಲೆ ಎಷ್ಟು ಕಿಲೋಮೀಟರ್ ಕಟ್ಟಿದರೂ ಹೊರಗೆ ಬರುವ ಗಾಡಿಗಳ ಸಂಖ್ಯೆ ಆ ಎರಡು ಲೇನಿನಷ್ಟೇ. “ಉದ್ದ ಹೆಚ್ಚಿಸಿದರೆ ಕ್ಯೂ ನಿಲ್ಲೋಕೆ ಜಾಗ ಜಾಸ್ತಿ ಆಗುತ್ತೆ” ಅಂದರು. ಮೂಲೆ ಮನೆ ಹುಡುಗ ನಕ್ಕುಬಿಟ್ಟ, ಆದರೆ ಒಪ್ಪಲಿಲ್ಲ. ಹಾಗಾದರೆ ಇನ್ನೂ ಮುಂದಕ್ಕೆ, ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರಿಗೇ ನೇರ ಸೇರಿಸಿಬಿಡಲಿ, ನೆಲಕ್ಕೆ ಇಳಿಯುವುದೇ ಬೇಡ ಅಂದ. ಅವನ ಮಾತಲ್ಲೂ ಅರ್ಥ ಇದೆ. ಸಿಲ್ಕ್ ಬೋರ್ಡಿನಿಂದ ರೂಪೇನ ಅಗ್ರಹಾರದ ಆ ತುಂಡು ರಸ್ತೆ ದಿನಾ ನನ್ನ ಜೀವ ತಿನ್ನುತ್ತದೆ, ಅದನ್ನು ದಾಟಿಸಿದರೆ ನನಗಿಂತ ಖುಷಿಪಡುವವರು ಯಾರು? ಆದರೆ ಆಗ ಬೊಮ್ಮನಹಳ್ಳಿಯ ಸಂಜೆ ಸಾಲು ಎಲ್ಲಿಗೆ ಹೋಗುತ್ತದೆ, ಸುರಂಗದ ಒಳಗಾ? ಅಲ್ಲಿ ಕೂತು ನನ್ನ ರಿಟರ್ನ್ ಪ್ಯಾಕೆಟ್ ಹುಳಿ ಬರುವುದನ್ನು ಯೋಚಿಸಿಕೊಂಡರೇ ಭಯವಾಗುತ್ತದೆ.

ಯೋಜನೆಯ ಪ್ರಕಾರ ಸುರಂಗ ಸುಮಾರು 17 ಕಿಲೋಮೀಟರ್. 2024ರಲ್ಲಿ ಸಂಪುಟ ಒಪ್ಪಿದಾಗ ಅಂದಾಜು 12 ಸಾವಿರ ಚಿಲ್ಲರೆ ಕೋಟಿ ಇತ್ತು, ಆಮೇಲೆ 17 ಸಾವಿರ ಚಿಲ್ಲರೆ ಕೋಟಿಗೆ ಹೋಯಿತು. ಟೋಲ್ ಇರುತ್ತದೆ. ಬೈಕಿಗೆ, ಆಟೋಗೆ ಪ್ರವೇಶ ಇಲ್ಲ. ಬೆಂಗಳೂರಿನ ಗಾಡಿಗಳಲ್ಲಿ ಮೂರರಲ್ಲಿ ಎರಡು ಪಾಲು ದ್ವಿಚಕ್ರ ವಾಹನವೇ. ಹೊಸೂರು ರಸ್ತೆಯಲ್ಲಿ ಟೋಲ್ ಕೊಟ್ಟಾದರೂ ಬೈಕಿನವರು ಮೇಲೆ ಹತ್ತಬಹುದು, ಸುರಂಗದಲ್ಲಿ ಅದೂ ಇಲ್ಲ. ಅವರೆಲ್ಲ ಈಗಿರುವ ರಸ್ತೆಯಲ್ಲೇ, ಈಗಿರುವ ಸಿಗ್ನಲಿನಲ್ಲೇ ನಿಲ್ಲಬೇಕು. ನನ್ನ ಹತ್ತಿರ ಪ್ಯಾಕಿಂಗಿಗೆ ಬರುವ ಮೂವರು ಹೆಣ್ಣುಮಕ್ಕಳಲ್ಲಿ ಯಾರ ಮನೆಯಲ್ಲೂ ಕಾರಿಲ್ಲ. ಒಬ್ಬಳು ಗಂಡನ ಬೈಕಿನಲ್ಲಿ, ಇಬ್ಬರು ಬಸ್ಸಿನಲ್ಲಿ ಬರುತ್ತಾರೆ.

ಇದನ್ನೆಲ್ಲ ಕೂತು ಕೇಳಬೇಕಾದವರು ಕಾರ್ಪೊರೇಟರುಗಳು. ಹಡ್ಸನ್ ಸರ್ಕಲ್ಲಿನ ಪಾಲಿಕೆ ಕಚೇರಿಯಲ್ಲಿ ಕೆಂಪೇಗೌಡ ಪೌರ ಸಭಾಂಗಣ ಅಂತ ಇದೆ. ಅಲ್ಲಿ 198 ವಾರ್ಡಿನ ಸದಸ್ಯರು ಕೂತು ಕಸಕ್ಕೂ ಗುಂಡಿಗೂ ಕೂಗಾಡುತ್ತಿದ್ದರು. ಮೇಜು ಕುಟ್ಟುತ್ತಿದ್ದರು, ಮೇಯರ್ ಪೀಠದ ಮುಂದೆ ಬಂದು ನಿಲ್ಲುತ್ತಿದ್ದರು, ಟೀವಿಯಲ್ಲಿ ನೋಡಿ ನಾವು ಬೈಯುತ್ತಿದ್ದೆವು. ಆ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಆಡಳಿತಾಧಿಕಾರಿಗಳ ಕೈಯಲ್ಲೇ ನಡೆಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಸುರಂಗದ ನಕ್ಷೆ, ಅಂದಾಜು, ಸಂಪುಟದ ಒಪ್ಪಿಗೆ ಎಲ್ಲ ಆದದ್ದು ಈ ಮಧ್ಯದ ಕಾಲದಲ್ಲೇ. ಒಬ್ಬ ಕಾರ್ಪೊರೇಟರ್ ಎದ್ದು ನಿಂತು, “ನನ್ನ ವಾರ್ಡಿನಲ್ಲಿ ಇದು ಎಲ್ಲಿ ಹೊರಗೆ ಬರುತ್ತೆ, ಆ ರಸ್ತೆ ಎಷ್ಟು ಅಗಲ?” ಅಂತ ಕೇಳಲಿಲ್ಲ, ಯಾಕೆಂದರೆ ಎದ್ದು ನಿಲ್ಲಲು ಯಾರೂ ಇರಲಿಲ್ಲ.

ಕೌನ್ಸಿಲ್ ಇದ್ದಾಗ ಎಲ್ಲ ಸರಿ ಇತ್ತು ಅಂತಲೂ ಅಲ್ಲ. 2016ರಲ್ಲಿ ಬಸವೇಶ್ವರ ಸರ್ಕಲ್ಲಿನಿಂದ ಹೆಬ್ಬಾಳಕ್ಕೆ ಸ್ಟೀಲ್ ಸೇತುವೆ ಅಂತ ಹೊರಟಿದ್ದರು, 6.7 ಕಿಲೋಮೀಟರ್. 800ಕ್ಕೂ ಹೆಚ್ಚು ಮರ ಹೋಗುತ್ತಿದ್ದವು. ಅದನ್ನು ನಿಲ್ಲಿಸಿದ್ದು ಯಾವ ಸಭಾಂಗಣವೂ ಅಲ್ಲ, ಅಕ್ಟೋಬರಿನ ಒಂದು ಭಾನುವಾರ ರಸ್ತೆ ಬದಿಯಲ್ಲಿ ಕೈ ಕೈ ಹಿಡಿದು ನಿಂತ ಜನ. 2017ರ ಮಾರ್ಚಿನಲ್ಲಿ ಸರ್ಕಾರ ಕೈಬಿಟ್ಟಿತು. ಇನ್ನು ಈಜಿಪುರದ ಫ್ಲೈಓವರ್ ಶುರುವಾದದ್ದೂ ಕೌನ್ಸಿಲ್ ಇದ್ದಾಗಲೇ, 2017ರಲ್ಲಿ. ಎರಡೂವರೆ ಕಿಲೋಮೀಟರ್ ಸೇತುವೆ, 2019ರಲ್ಲಿ ಮುಗಿಯಬೇಕಿತ್ತು, 2025ರಲ್ಲೂ ಕೆಲಸ ನಡೆಯುತ್ತಲೇ ಇತ್ತು. ಕೋರಮಂಗಲದ ಒಂದು ಬೇಕರಿಗೆ ನಾನು ಹಿಟ್ಟು ಹಾಕುವುದನ್ನು ನಿಲ್ಲಿಸಿದ್ದೇ ಆ ಕಂಬಗಳ ಕಾರಣಕ್ಕೆ.

ಸಭೆಯಲ್ಲಿ ಕೊನೆಗೆ ಒಂದು ಅರ್ಜಿ ಬರೆದೆವು. ಬೇಕು ಅಂತಲೂ ಅಲ್ಲ, ಬೇಡ ಅಂತಲೂ ಅಲ್ಲ. ಅದರಲ್ಲಿ ನನ್ನ ಸಾಲು ಎರಡನೆಯದು: ಹೊರಗೆ ಬರುವ ಪ್ರತಿ ಜಾಗದಲ್ಲೂ ಈಗ ಗಂಟೆಗೆ ಎಷ್ಟು ಗಾಡಿ ಹೋಗುತ್ತಿದೆ, ಇನ್ನೆಷ್ಟು ಬರುತ್ತದೆ, ಅದಕ್ಕೆ ಎಷ್ಟು ಲೇನ್ ಇಟ್ಟಿದ್ದೀರಿ ಅಂತ ಮೂರು ಅಂಕಿ ಕನ್ನಡದಲ್ಲಿ ಬರೆದು ಆಯಾ ಜಂಕ್ಷನ್ನಿನಲ್ಲೇ ಬೋರ್ಡ್ ಹಾಕಿ. ಮೂಲೆ ಮನೆ ಹುಡುಗನೂ ಸಹಿ ಹಾಕಿದ. ಅಂಕಿ ನೋಡಿದ ಮೇಲೂ ಬೇಕು ಅನಿಸಿದರೆ ಆಗ ಜಗಳ ಆಡೋಣ ಅಂದ.

ಇನ್ನು ನೀವು ಈ ಫ್ಲೈಓವರ್ ಹತ್ತಬೇಕಾ ಬೇಡವಾ ಅಂತ ಕೇಳಿದರೆ, ಕೈಯಲ್ಲಿ ಸಾಮಾನಿಲ್ಲದವರು ಬೇಡ. 2025ರ ಆಗಸ್ಟಿನಲ್ಲಿ ಹಳದಿ ಲೈನ್ ಶುರುವಾಗಿದೆ, ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್, 16 ಸ್ಟೇಷನ್ನು. ಮೊದಮೊದಲು ಮೂರೇ ರೈಲಿದ್ದಾಗ 25 ನಿಮಿಷ ಕಾಯಬೇಕಿತ್ತು, ಆಮೇಲೆ ರೈಲು ಜಾಸ್ತಿಯಾದವು. ಹಿಟ್ಟಿನ ಡ್ರಮ್ಮನ್ನು ಅದರಲ್ಲಿ ಒಯ್ಯಲು ಆಗಲ್ಲ. ಆದರೆ ಬಾಕಿ ವಸೂಲಿಗೆ ಈಗ ನಾನು ಓಮ್ನಿ ತೆಗೆಯುವುದೇ ಇಲ್ಲ. ರಾಗಿಗುಡ್ಡದಲ್ಲಿ ಹತ್ತಿ, ಲೆಕ್ಕದ ಪುಸ್ತಕ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿ ಬರುತ್ತೇನೆ. “ಲೇಟಾಗಿ ಬಂದ್ರಿ, ದುಡ್ಡು ಬ್ಯಾಂಕಿಗೆ ಕಟ್ಟಿಬಿಟ್ಟೆ” ಅನ್ನುವ ಅಂಗಡಿಯವರ ನೆಪವೂ ಕಡಿಮೆಯಾಗಿದೆ.

ಸಾಮಾನು ಇರುವವರು ಬೆಳಗ್ಗೆ ಏಳರೊಳಗೆ ಬೊಮ್ಮನಹಳ್ಳಿ ದಾಟಿಬಿಡಿ. ಸಿಲ್ಕ್ ಬೋರ್ಡ್ ಇಳಿಯುತ್ತಲೇ ನಿಮ್ಮ ಲೇನ್ ಹಿಡಿಯಿರಿ, ಕೊನೆಯಲ್ಲಿ ತೂರಬೇಡಿ. ಫಾಸ್ಟ್ಯಾಗಿನಲ್ಲಿ ಬ್ಯಾಲೆನ್ಸ್ ಇದೆಯಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ಸಂಜೆ ವಾಪಸ್ ಬರುವಾಗ ಹೊಸ ರೋಡಿನಲ್ಲೋ ಕೂಡ್ಲು ಗೇಟಿನಲ್ಲೋ ಕೆಲಸ ಇದ್ದರೆ ಮೇಲೆ ಹತ್ತಲೇಬೇಡಿ, ಮಧ್ಯೆ ಇಳಿಯಲು ಆಗಲ್ಲ. ಭಾನುವಾರ ರಾತ್ರಿ ಮತ್ತು ಹಬ್ಬದ ರಜೆ ಮುಗಿಯುವ ದಿನ ಹೊಸೂರು ಕಡೆಯಿಂದ ಊರಿಗೆ ಹೋದವರೆಲ್ಲ ಒಟ್ಟಿಗೆ ವಾಪಸ್ ಬರುತ್ತಾರೆ. ಅವತ್ತು ಪೀಜಿಯವರು ಎಷ್ಟೇ ಬೇಡಿಕೊಂಡರೂ ನಾನು ಮಾಲು ಹಾಕಲ್ಲ, ಹಿಂದಿನ ದಿನವೇ ಎರಡು ದಿನದ್ದು ಕೊಟ್ಟು ಫ್ರಿಜ್ಜಿನ ಮೇಲಿನ ಅರೆಯಲ್ಲಿ ಇಡಿ ಅಂತ ಹೇಳಿ ಬರುತ್ತೇನೆ.